ಹೋಬಳಿಗೊಬ್ಬಳೇ ಅರಬ್ಬಿ ವಿದ್ಯಾರ್ಥಿನಿ

ಪರೀಕ್ಷಾ ಕಚೇರಿಯ ಮಾನ್ಯ ಹಿರಿಯ ಅಧಿಕಾರಿಗಳೇ,

ನನ್ನ ಮಗಳು ಜಾಹೀದಾ ಹೈಸ್ಕೂಲಿನಲ್ಲಿ ಮೂರು ವರ್ಷ ಹಿಂದಿ ಓದಿದ್ದಾಳೆ. ನೀವು ಅವಳನ್ನು ಎರಡು ಸಲ ಅರಬ್ಬಿಯಲ್ಲಿ ಫೇಲು ಮಾಡಿದ್ದೀರಿ. ಬರುವ ಏಪ್ರಿಲ್ ೧೯೯೪ರಲ್ಲಿ ಮೂರನೆಯ ಸಲ ಫೇಲು ಮಾಡುವ ಸಿದ್ಧತೆಯೂ ನಡೆದಿದೆ. ನಮ್ಮ ಹೋಬಳಿಯ ಒಂದು ಹುಡುಗಿ ವಿದೇಶಿ ಭಾಷೆ ಕಲಿಯಲೇಬೇಕೆಂದು ನೀವು ತೋರಿಸುತ್ತಿರುವ ಈ ಮುತುವರ್ಜಿಗೆ ಮೊದಲು ಧನ್ಯವಾದ ಹೇಳಬೇಕು. ಹೇಳಿದೆ. ಇನ್ನು ನನ್ನ ತಕರಾರು ಕೇಳಿ.

ನಾನು ಗುತ್ತಲದ ಪೇಟೆಯಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟವನು. ಮಗಳು ಓದಿದ ಹೈಸ್ಕೂಲಿನ ಹೆಸರು ಬರೆಯುವುದಿಲ್ಲ; ಅವಳ ಕಾಗದಪತ್ರಗಳು ಇನ್ನೂ ಅವರ ಕಪಾಟಿನಲ್ಲಿವೆ. ಅಲ್ಲಿ ಅರಬ್ಬಿ ಕಲಿಸುವ ಮಾಸ್ತರರಿಲ್ಲ, ಅರಬ್ಬಿ ಪುಸ್ತಕವಿಲ್ಲ, ಹಿಂದೆಂದೂ ಇರಲಿಲ್ಲ. ಮಕ್ಕಳಿಂದ ಖಾಲಿ ಪರೀಕ್ಷಾ ಅರ್ಜಿಗೆ ಸಹಿ ಹಾಕಿಸಿಕೊಂಡು, ಆಮೇಲೆ ಕಚೇರಿಯಲ್ಲಿ ಕೂತು ತುಂಬುವುದು ಅಲ್ಲಿಯ ಪದ್ಧತಿ. ಹಾಗೆ ತುಂಬುವಾಗ ಗುಮಾಸ್ತ ಪ್ರಭುಲಿಂಗಪ್ಪನವರು ತೃತೀಯ ಭಾಷೆಯ ಮುಂದೆ ಅರಬ್ಬಿ ಎಂದು ಬರೆದರು. ಕೆಟ್ಟ ಮನುಷ್ಯರಲ್ಲ. ನಮ್ಮ ಮಕ್ಕಳು ಬೆಳಿಗ್ಗೆ ಮಸೀದಿಗೆ ಹೋಗಿ ಕುರಾನು ಓದಲು ಕಲಿಯುತ್ತಾರೆ. ಉಚ್ಚಾರ ತಪ್ಪದಿದ್ದರೆ ಸಾಕು, ಅರ್ಥ ಕೇಳುವ ರೂಢಿ ನಮ್ಮಲ್ಲಿಲ್ಲ. ಜಾಹೀದಾ ಎದೆಗೆ ಕಿತಾಬು ಅವಚಿಕೊಂಡು ತಮ್ಮ ಮನೆಯ ಮುಂದೆ ಹಾದುಹೋಗುವುದನ್ನು ಪ್ರಭುಲಿಂಗಪ್ಪನವರು ಐದು ವರ್ಷ ನೋಡಿದ್ದರು.

"ದಿನಾ ಓದೂ ಹುಡುಗಿ, ಹಿಂದಿಗಿಂತಾ ನಾಕು ಮಾರ್ಕ್ಸ್ ಹೆಚ್ಚಿಗಿ ಬರಲಿ ಅಂತ ನಾನ ಬರದೇನ್ರಿ," ಎಂದರು, ಆಮೇಲೆ ನಾನು ಹೋಗಿ ಕೇಳಿದಾಗ.

ಉಪಕಾರ ಮಾಡಿದವರ ಮೇಲೆ ಸಿಟ್ಟಾಗುವುದು ಹೇಗೆ, ನೀವೇ ಹೇಳಿ.

ಈ ಉಪಕಾರ ನಮಗೆ ತಿಳಿದದ್ದು ಹಾಲ್ ಟಿಕೆಟ್ ಕೈಗೆ ಬಂದ ಮೇಲೆ. ಎರಡು ಬಸ್ಸು ಬದಲಿಸಿ ನಿಮ್ಮ ಕಚೇರಿಗೆ ಓಡಿದೆ. ತಿದ್ದುಪಡಿಯ ಕೊನೆಯ ದಿನಾಂಕ ಮುಗಿದು ಎರಡು ತಿಂಗಳಾಯಿತು ಎಂದರು. ತಪ್ಪು ಕಣ್ಣಿಗೆ ಬೀಳುವ ಮೊದಲೇ ಅದನ್ನು ತಿದ್ದುವ ಅವಧಿ ಮುಗಿದುಹೋಗುವ ಈ ಏರ್ಪಾಟನ್ನು ಯಾವ ಮಹಾನುಭಾವರು ಮಾಡಿದರು? ಹತ್ತಿ ಬೀಜ ಕೇಳಿದವನಿಗೆ ನಾನು ಕೈತಪ್ಪಿ ಸೂರ್ಯಕಾಂತಿ ಕೊಟ್ಟರೆ ಪೊಟ್ಟಣ ಬದಲಿಸಿ ಕೊಡುತ್ತೇನೆ. ನೀವು ನನ್ನ ಅಂಗಡಿಯಲ್ಲಿ ಕೂತಿದ್ದರೆ, ಇನ್ನು ಮೇಲೆ ಸೂರ್ಯಕಾಂತಿಯನ್ನೇ ಬೆಳೆ ಎಂದು ರೈತನಿಗೆ ನೋಟೀಸು ಕೊಡುತ್ತಿದ್ದಿರಿ.

ಹಾವೇರಿಯ ಪರೀಕ್ಷಾ ಕೇಂದ್ರದಲ್ಲಿ ಅವಳೊಬ್ಬಳಿಗೇ ಒಂದು ಕೋಣೆ, ಒಂದು ಮೊಹರು ಹಾಕಿದ ಲಕೋಟೆ, ಒಬ್ಬ ಮೇಲ್ವಿಚಾರಕರು. ಮಂತ್ರಿಯ ಮಗಳಿಗೂ ಇಷ್ಟು ಮರ್ಯಾದೆ ಸಿಗಲಿಕ್ಕಿಲ್ಲ. ಅವಳು ಪ್ರಶ್ನೆಪತ್ರಿಕೆಯನ್ನು ಅಕ್ಷರ ಕೂಡಿಸಿ ಮೆಲ್ಲಗೆ ಓದಿದಳಂತೆ. ಮೇಲ್ವಿಚಾರಕರಿಗೆ ಸಂತೋಷವಾಯಿತು.

"ಎಷ್ಟ್ ಚಂದ ಓದತೀಯವಾ! ಲಗೂ ಲಗೂ ಬರಿ ಮತ್ತ."

"ಓದಾಕ ಬರತೈತ್ರಿ ಸರ್, ತಿಳಿಯಂಗಿಲ್ರಿ."

ಬರೆಯಲು ಅವಳಿಗೆ ಬಾಯಿಪಾಠ ಬರುವುದು ನಮಾಜಿನ ಸೂರಾಗಳು ಮಾತ್ರ. ದೇವರ ಮಾತು ಬರೆದು ಮಾರ್ಕ್ಸ್ ಕೇಳಲು ನಾಚಿಕೆಯಾಯಿತು ಎಂದು ಮನೆಗೆ ಬಂದು ಅವ್ವನ ಮುಂದೆ ಅತ್ತಳು. ಉಳಿದ ಎಲ್ಲ ವಿಷಯಗಳಲ್ಲಿ ಪ್ರಥಮ ದರ್ಜೆ, ಅರಬ್ಬಿಯಲ್ಲಿ ಸೊನ್ನೆ. ಟಿ.ಸಿ.ಎಚ್. ಮಾಡಿ ಕನ್ನಡ ಶಾಲೆಯ ಮಾಸ್ತರಿಣಿಯಾಗಬೇಕು ಎಂದು ಹಟ ಹಿಡಿದ ಹುಡುಗಿ, ಆ ಸೊನ್ನೆಯಿಂದಾಗಿ ಅರ್ಜಿ ಹಾಕಲೂ ಅರ್ಹಳಲ್ಲ.

ಅಕ್ಟೋಬರ್ ಪರೀಕ್ಷೆಗೆ ಕಲಿಸಿಬಿಡೋಣ ಎಂದು ಹೊರಟೆ. ಕಲಿಸುವವರು ಯಾರು? ನಮ್ಮ ಓಣಿಯ ಅಬ್ದುಲರಜಾಕ ಅರಬ್ಬರ ನಾಡಿನಲ್ಲಿ ನಾಲ್ಕು ವರ್ಷ ಕಟ್ಟಡದ ಕೆಲಸ ಮಾಡಿ ಬಂದವನು. ಬಹಳ ಪ್ರೀತಿಯಿಂದ ಕಲಿಸಿದ: ಉಸುಕು, ಸಿಮೆಂಟು, ಬೇಗ ತಾ, ಪಗಾರ ನಾಳೆ. ಪರೀಕ್ಷೆಯಲ್ಲಿ ನೀವು ವಸಂತ ಋತುವಿನ ವರ್ಣನೆ ಕೇಳಿದ್ದಿರಂತೆ; ಆಮೇಲೆ ರಾಣೆಬೆನ್ನೂರಿನ ಒಬ್ಬ ಮೌಲವಿಗಳು ಪ್ರಶ್ನೆಪತ್ರಿಕೆ ಓದಿ ಹೇಳಿದರು. ವಸಂತದಲ್ಲಿ ಸಿಮೆಂಟು ಬೇಗ ತಾ ಎಂದು ಬರೆದ ನನ್ನ ಮಗಳಿಗೆ ನಾಲ್ಕು ಅಂಕ ಕೊಟ್ಟ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಇನ್ನು ನನ್ನ ತಪ್ಪು ಹೇಳುತ್ತೇನೆ. ನಿಮ್ಮ ಶಾಲೆಯ ಅರಬ್ಬಿ ಫಲಿತಾಂಶ ಶೇಕಡಾ ಸೊನ್ನೆ ಏಕೆ ಎಂದು ನೀವು ಹೆಡ್ಮಾಸ್ತರರಿಗೆ ನೋಟೀಸು ಕೊಟ್ಟಿರಿ. ಕಲಿಸಿಯೇ ಇಲ್ಲ ಎಂದು ಬರೆದರೆ ಕುರ್ಚಿಗೆ ಕುತ್ತು. ಹೆಡ್ಮಾಸ್ತರ್ ಕರಬಸಪ್ಪನವರು ನನ್ನನ್ನು ಕರೆಸಿ ಚಹಾ ಕುಡಿಸಿದರು.

"ಯೂಸುಫಸಾಬ್ರ, ಹುಡುಗಿ ಅರಬ್ಬಿ ಕ್ಲಾಸಿಗೆ ಸರಿಯಾಗಿ ಬರತಿದ್ದಿಲ್ಲ ಅಂತ ಒಂದ್ ಸಹಿ ಮಾಡ್ರಿ. ಈ ನೋಟೀಸ ಒಮ್ಮೆ ಮುಗೀಲಿ, ಹಿಂದಿ ಮಾಡಿಸಿಕೊಡೂದು ನನಗ ಬಿಡ್ರಿ."

ಮಾಡಿದೆ. ಇಲ್ಲದ ಕ್ಲಾಸಿಗೆ ಮಗಳು ಹೋಗಲಿಲ್ಲ ಎಂದು ಸಹಿ ಮಾಡಿದೆ. ಒಂದು ಕಾಗದ ಕೊಟ್ಟರೆ ಇನ್ನೊಂದು ಕಾಗದ ಬಿಡುಗಡೆಯಾಗುತ್ತದೆ ಎಂದು ನಂಬಿದೆ.

ಹಿಂದಿ ಕೊಡಿ ಎಂದು ಹಾಕಿದ ಅರ್ಜಿಗೆ ಕಳೆದ ವಾರ ನಿಮ್ಮ ಉತ್ತರ ಬಂತು. ವಿದ್ಯಾರ್ಥಿನಿಯು ಅರಬ್ಬಿ ತರಗತಿಗೆ ದಾಖಲಾಗಿದ್ದುದು ಪೋಷಕರ ಹೇಳಿಕೆಯಿಂದಲೇ ಸಾಬೀತಾಗಿರುವ ಕಾರಣ ಭಾಷೆ ಬದಲಿಸಲು ಅವಕಾಶವಿಲ್ಲ. ಜೊತೆಗೆ ನನ್ನ ಸಹಿಯಿದ್ದ ಆ ಹೇಳಿಕೆಯ ನಕಲು. ಲಕೋಟೆ ಒಡೆದವಳು ಜಾಹೀದಾ.

ಮನೆಯೊಳಗೆ ನಾವು ಉರ್ದು ಮಾತಾಡುವವರು. ಆ ದಿನ ಅವಳು ಅಂಗಡಿಗೆ ಬಂದು, ಗಿರಾಕಿಗಳು ಮಾತಾಡಿಸುವಂತೆ ಕನ್ನಡದಲ್ಲಿ ಕೇಳಿದಳು: "ಈ ಸಹಿ ನಿಮ್ಮದೇನ್ರಿ?"

ಹೌದು ಎಂದೆ. ಅವಳು ಹೊಳ್ಳಿ ಹೋದಳು. ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಮಾನ್ಯರೇ, ಆ ಸಹಿ ನನ್ನದು, ಆ ಮಾತು ಸುಳ್ಳು. ಇದನ್ನು ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಇನ್ನು ಮೇಲೆ ನಿರಾಕರಿಸಲು ನನಗೂ ದಾರಿಯಿಲ್ಲ. ಸುಳ್ಳು ಹೇಳಿಕೆ ಕೊಟ್ಟವನಿಗೆ ನಿಮ್ಮ ಕಾಯಿದೆಯಲ್ಲಿ ಏನು ಶಿಕ್ಷೆಯಿದೆಯೋ ನನಗೆ ಕೊಡಿ, ಅಂಗಡಿಗೆ ಬೀಗ ಹಾಕಿ ಬರುತ್ತೇನೆ. ಏಪ್ರಿಲ್‌ನಲ್ಲಿ ನನ್ನ ಮಗಳ ಮುಂದೆ ಹಿಂದಿ ಪ್ರಶ್ನೆಪತ್ರಿಕೆ ಇಡಿ.

ಇಂತಿ,
ಮಗಳ ವಿರುದ್ಧ ನಿಮಗೆ ಸಿಕ್ಕ ಏಕೈಕ ಸಾಕ್ಷಿ,
ಯೂಸುಫಸಾಬ, ಗುತ್ತಲ