ಕಕ್ಕೆಯಲ್ಲದ ಗಿಡದ ಬೀಜದುಂಡೆಗಳು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಮೊದಲು ನನ್ನ ಕ್ಷಮಾಪಣೆಯನ್ನು ಸ್ವೀಕರಿಸಿ. ವೀರನಹೊಸಹಳ್ಳಿಯ ಆಚೆ, ಕಾಡಂಚಿನಲ್ಲಿರುವ ನಮ್ಮ ಶಾಲೆಯ ಮಕ್ಕಳಿಗೆ ತಾವು ಸುಮಾರು ನಾಲ್ಕು ವರ್ಷದ ಹಿಂದೆ ನಲವತ್ತೊಂದು ಕಕ್ಕೆ ಸಸಿಗಳನ್ನು ಹಂಚಿದ್ದನ್ನು ಮಾರ್ಚ್ ತಿಂಗಳಲ್ಲಿ ಇದೇ ಪತ್ರಿಕೆಯಲ್ಲಿ ಕೊಂಡಾಡಿದ್ದೆ. ಅವು ಕಕ್ಕೆಯಲ್ಲ. ಆ ಪತ್ರದ ದಿನಾಂಕಗಳೂ ತಪ್ಪಾಗಿದ್ದವು. ತಿದ್ದುಪಡಿಯನ್ನು ಕೊನೆಯಲ್ಲಿ ಕೊಟ್ಟಿದ್ದೇನೆ. ಹೊಗಳಿಕೆಯನ್ನು ಮಾತ್ರ ಈಗಲೇ ಹಿಂಪಡೆಯುತ್ತೇನೆ. ಏಕೆಂದರೆ ಆ ಗಿಡಗಳ ಬೀಜವನ್ನು ಮಣ್ಣಿನ ಉಂಡೆಗಳಲ್ಲಿ ಇಟ್ಟು, ಜೂನ್ ಐದರಂದು ಮಕ್ಕಳ ಕೈಯಿಂದ ಕಾಡಿಗೆ ಎಸೆಯಿಸಿ, ಹೆಚ್ಚು ಎಸೆದವರಿಗೆ ಬಹುಮಾನ ಕೊಡಬೇಕೆಂದು ತಮ್ಮ ಸುತ್ತೋಲೆ ಹೇಳುತ್ತದೆ. ಉಳಿದಿರುವುದು ಒಂದು ವಾರ. ನನಗೆ ಭಯವಾಗಿದೆ.

ತಾವು ಹಂಚಿದ್ದು ದೂರದ ಅಮೆರಿಕ ಖಂಡದಿಂದ ಬಂದ ಸೆನ್ನಾ. ಹಳದಿ ಹೂವೆಂಬುದೊಂದನ್ನು ಬಿಟ್ಟರೆ ಕಕ್ಕೆಗೂ ಅದಕ್ಕೂ ಹೋಲಿಕೆ ಕಡಿಮೆ. ಕಡಿದರೆ ಒಂದು ಬುಡದಿಂದ ಹತ್ತು ಚಿಗುರು ಏಳುತ್ತವೆ. ಅದು ದಟ್ಟವಾಗಿ ಬೆಳೆದ ಕಡೆ ಹುಲ್ಲು ಸಾಯುತ್ತದೆ. ಇಷ್ಟನ್ನೂ ನಾನು ತಿಳಿದದ್ದು ತಡವಾಗಿ. ಸುತ್ತೋಲೆಯ ಹನ್ನೆರಡು ವಾಕ್ಯಗಳಲ್ಲಿ ಏಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ತಮಗೆ ಕಳುಹಿಸಿದ ನಾನು, ಸುತ್ತೋಲೆಯಲ್ಲಿದ್ದ ಗಿಡವನ್ನು ಒಮ್ಮೆಯೂ ಕತ್ತೆತ್ತಿ ನೋಡಲಿಲ್ಲ. ಪ್ರತಿ ಸಸಿಯ ಮುಂದೆ 'ಕಕ್ಕೆ' ಎಂಬ ಫಲಕವನ್ನು, ಅದರ ಕೆಳಗೆ ನೆಟ್ಟ ಮಗುವಿನ ಹೆಸರನ್ನು ದುಂಡಗೆ ಬರೆದವನೂ ನಾನೇ.

ಕಳೆದ ವಾರ ಉಂಡೆಗಳಿಗೆ ಹುತ್ತದ ಮಣ್ಣು ಕೇಳಲು ಕಾಡಿನ ಜನರ ಹಾಡಿಗೆ ಹೋದೆ. ಎಂಟನೆಯ ತರಗತಿಗೆ ಕಾಲಿಡುತ್ತಿರುವ ಪವಿತ್ರಳ ಅಜ್ಜಿ ಕೆಂಚಿ, ಮನೆಯ ಮುಂದೆ ಪವಿತ್ರ ನೆಟ್ಟಿದ್ದ ಮರ ತೋರಿಸಿ ನಕ್ಕರು.

"ಯಾವ ಕಕ್ಕೆ ಮೇಷ್ಟ್ರೇ? ಕಕ್ಕೆ ಊ ಕೆಳೀಕೆ ಜೋತಾಡ್ತದೆ. ಇದು ನೆಟ್ಟಗೆ ನಿಂತ್ಕತದೆ, ನಿಮ್ಮಂಗೆ."

ನಾನೂ ನಕ್ಕೆ. ಅವರು ನಗು ನಿಲ್ಲಿಸಿದರು.

"ಇದ್ರ ಬುಡ್ದಲ್ಲಿ ಉಲ್ಲು ಕಂಡೀರಾ? ಕಾಡೊಳ್ಗೆ ಇದೇ ತುಂಬ್ಕಂಡ್ರೆ ಆನೆ ಏನ್ ತಿಂದಾತು? ನಮ್ ರಾಗಿಗೇ ಬತ್ತದೆ. ಈ ಕೂಸು ಅದೇ ದಾರೀಲಿ ಇಸ್ಕೂಲಿಗೆ ಓಯ್ತದೆ ಕಣ್ರೀ."

ಆಗ ಪವಿತ್ರ ಒಳಗಿನಿಂದ ಓಡಿಬಂದಳು. "ಸಾರ್, ಮೊದ್ಲ್ ಬವುಮಾನ ನಂಗೇ ಕೊಡ್ಬೇಕು. ರಜದಲ್ಲೇ ಇನ್ನೂರು ಉಂಡೆ ಎಸ್ದುಬುಟ್ಟೆ, ಅಳ್ಳದ ಆಚೀಕೆ!"

ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕ್ ಸಾರ್, ತಪ್ಪಾಯ್ತಾ?"

ಮೂವತ್ತಾರು ವರ್ಷ ಪಾಠ ಮಾಡಿದ ನಾನು, ಎಸೆದದ್ದು ಯಾವ ದಿನವೆಂದಷ್ಟೇ ಕೇಳಿ ಬರೆದುಕೊಂಡೆ. ಮರುದಿನ ಮಳೆ ಹುಯ್ದಿತು. ಹಳ್ಳದಾಚೆ ಈಗ ಏನು ಮೊಳೆಯುತ್ತಿದೆಯೆಂದು ಎಣಿಸುತ್ತ ಕುಳಿತಿದ್ದೇನೆ.

ಮಾನ್ಯರೇ, ಕಳೆದ ಪರೀಕ್ಷೆಯಲ್ಲಿ 'ಆಕ್ರಮಣಕಾರಿ ಸಸ್ಯ ಎಂದರೇನು?' ಎಂಬ ಪ್ರಶ್ನೆಗೆ ಇದೇ ಪವಿತ್ರ ಲಂಟಾನದ ಉದಾಹರಣೆ ಕೊಟ್ಟು ಎರಡಕ್ಕೆ ಎರಡು ಅಂಕ ಪಡೆದಿದ್ದಾಳೆ. ಅಂಕಪಟ್ಟಿಯಲ್ಲಿ ಶತ್ರುವನ್ನು ಗುರುತಿಸಿದ ಮಗುವಿನ ಕೈಗೆ ಅಂಗಳದಲ್ಲಿ ಶತ್ರುವಿನ ಸಸಿ ಕೊಟ್ಟು, ನೀರೆರೆದದ್ದಕ್ಕೆ ಪ್ರಶಸ್ತಿಪತ್ರವನ್ನೂ ಕೊಟ್ಟೆವಲ್ಲ, ಇದು ಯಾವ ಶಿಕ್ಷಣ? ಶಾಲೆಯ ಪುಸ್ತಕದ ಕೋಣೆಯಲ್ಲಿ ಇದೇ ಗಿಡಗಳ ಎರಡು ಮೂಟೆ ಕಾಯಿಗಳಿವೆ. ನಲವತ್ತೊಂದು ಮಕ್ಕಳು ಅವುಗಳ ಮೇಲೆ ಕಣ್ಣಿಟ್ಟು ಕಾದಿದ್ದಾರೆ. ತಡೆಯಲು ಹೋದ ನನ್ನನ್ನು ಮುಖ್ಯಶಿಕ್ಷಕರು ಕೇಳಿದ ಪ್ರಶ್ನೆ ಒಂದೇ: "ಲಿಖಿತ ಆದೇಶ ಇದೆಯಾ ಸಾರ್?"

ಆ ಆದೇಶವನ್ನೇ ಬೇಡುತ್ತಿದ್ದೇನೆ. ಜೂನ್ ಐದರ ಎಸೆತವನ್ನು ರದ್ದುಪಡಿಸಿ. ಮೂಟೆಗಳಿಗೆ ಮುದ್ರೆ ಹಾಕಿ, ನಾಶಕ್ಕಾಗಿ ಅರಣ್ಯ ಸಿಬ್ಬಂದಿಗೆ ಒಪ್ಪಿಸಿ. ಹಳ್ಳದಾಚೆಯ ಮೊಳಕೆಗಳು ಬೆರಳೆತ್ತರ ಇರುವಾಗಲೇ ಅದೇ ಸಿಬ್ಬಂದಿ ಬೇರುಸಹಿತ ಕೀಳಲಿ. ಜೂನ್ ಐದರ ತರಗತಿಯನ್ನು ಕೆಂಚಿಯವರು ತಮ್ಮ ಮನೆಯ ಮುಂದಿನ ಮರದ ಬುಡದಲ್ಲಿ ತೆಗೆದುಕೊಳ್ಳಲಿ. ಅವರಿಗೆ ಪದವಿಯಿಲ್ಲವೆಂಬ ಆಕ್ಷೇಪ ಬಂದರೆ, ಪದವಿಯಿರುವ ನಾನು ಬರೆದ ಫಲಕಗಳನ್ನು ತೋರಿಸಿ.

ಇಂತಿ,
ನಲವತ್ತೊಂದು ಫಲಕಗಳ ಲಿಪಿಕಾರ,
ನಿವೃತ್ತ ಕನ್ನಡ ಪಂಡಿತ

ಹಿಂದಿನ ಪತ್ರದ ದಿನಾಂಕಗಳ ತಿದ್ದುಪಡಿ:

ಸಸಿ ನೆಟ್ಟದ್ದು: ೨೦೨೩ರ ಜುಲೈ ೩ ಎಂದಿದ್ದೆ. ಸರಿಯಾದದ್ದು ೨೦೨೨ರ ಜುಲೈ ೪.

ಮೊದಲ ಹೂ: ೨೦೨೫ರ ಅಕ್ಟೋಬರ್ ಎಂದಿದ್ದೆ. ಪವಿತ್ರಳ ಗಿಡ ೨೦೨೪ರ ಅಕ್ಟೋಬರ್‌ನಲ್ಲೇ ಅರಳಿತ್ತು, ಚೆನ್ನಾಗಿ ನೀರೆರೆದಿದ್ದಳು.

ಮೊದಲ ಬೀಜ ಕಾಡು ಸೇರುವ ದಿನ: ೨೦೨೬ರ ಜೂನ್ ೫ ಎಂದಿದ್ದೆ. ಸರಿಯಾದದ್ದು ೨೦೨೬ರ ಮೇ ೧೭, ಭಾನುವಾರ.