ಮೀಟರಿನ ಯಜಮಾನಿ

ಫ್ಲೀಟ್‌ವುಡ್, ಬಂದರಿನ ಹಿಂದಿನ ಬೀದಿ
ಭಾನುವಾರ, ಫೆಬ್ರವರಿ 9

ಪ್ರೀತಿಯ ಡೊರೀನ್,

ಎದೆಯ ಗೊರಗೊರ ಹೇಗಿದೆ? ಈಗಲೂ ಎರಡು ದಿಂಬು ಇಟ್ಟುಕೊಂಡೇ ಮಲಗುತ್ತೀಯೋ, ಇಲ್ಲ ಅಕ್ಕನ ಮನೆಯ ಮೆತ್ತನೆ ಹಾಸಿಗೆಯಲ್ಲಿ ಒಂದೇ ಸಾಕಾಗುತ್ತಿದೆಯೋ? ಅಲ್ಲಿ ದಕ್ಷಿಣದ ಟಾರ್ಕಿಯಲ್ಲಿ ಆಗಲೇ ಹೂವು ಬಿಟ್ಟಿದೆ ಎಂದು ನಿನ್ನ ಅಕ್ಕ ಮಾರ್ಜರಿ ಹೋದ ವಾರ ಫೋನಿನಲ್ಲಿ ಹೇಳಿದಳು. ಅವಳ ದನಿ ಕೇಳಿದರೆ ಆ ಹೂವುಗಳನ್ನೆಲ್ಲ ಅವಳೇ ಕೂತು ಗಿಡಕ್ಕೆ ಅಂಟಿಸಿದ್ದಾಳೇನೋ ಅನ್ನಿಸುತ್ತದೆ. ನಾವಿಬ್ಬರು ಫೋನಿನಲ್ಲಿ ಮಾತಾಡುವಾಗ ಅವಳದೂ ಒಂದು ಕಿವಿ ನಡುವೆ ಇರುತ್ತದಲ್ಲ, ಅದಕ್ಕೇ ಈ ಸುದ್ದಿಯನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಮಾರ್ಜರಿ, ಇದನ್ನು ನೀನೇ ಒಡೆದು ಓದುತ್ತಿದ್ದರೆ ನಿನಗೂ ನನ್ನ ನಮಸ್ಕಾರ. ನಾನು ಗಟ್ಟಿಯಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮೊಂಡು ಕತ್ತೆಯಾಗುತ್ತದೆ.

ನವೆಂಬರಿನಲ್ಲಿ ಡಾಕ್ಟರು ಏನು ಹೇಳಿದ್ದರು ನೆನಪಿದೆಯಲ್ಲ? ಮನೆ ಬೆಚ್ಚಗಾಗುವ ತನಕ ಇವರು ಇಲ್ಲಿರುವುದು ಬೇಡ ಎಂದಿದ್ದರು. ನೀನು ಹೋದೆ. ನಾನು ಈ ಮನೆಯನ್ನು ಬೆಚ್ಚಗೆ ಮಾಡುತ್ತೇನೆಂದು ಹೊರಟೆ. ಕರೆಂಟ್ ಮೀಟರಿನ ಕೀಲಿಯನ್ನು ಮೂಲೆಯ ಅಂಗಡಿಗೆ ಹಿಡಿದುಕೊಂಡು ಹೋಗಿ ದುಡ್ಡು ತುಂಬಿಸಿ ತರುವುದು, ತಂದು ಗೋಡೆಯ ಮೀಟರಿಗೆ ಚುಚ್ಚುವುದು, ಹೀಟರು ಅದನ್ನು ಹಸಿದ ಕಡಲ ಹಕ್ಕಿಯ ಹಾಗೆ ಗುಳುಂ ಮಾಡುವುದು, ಮತ್ತೆ ನಾನು ಕೋಟು ಹಾಕಿಕೊಂಡು ಅಂಗಡಿಗೆ ಹೊರಡುವುದು. ಕೋಟನ್ನು ಮನೆಯೊಳಗೂ ಬಿಚ್ಚುತ್ತಿರಲಿಲ್ಲವಾದ್ದರಿಂದ ಹೊರಡುವ ಕೆಲಸ ಮಾತ್ರ ಸುಲಭವಾಗಿತ್ತು.

ಒಂದು ದಿನ ಅಂಗಡಿಯಲ್ಲಿ ಟ್ರ್ಯಾಮ್ ಓಡಿಸುವ ಡೆಸ್ಮಂಡ್ ಸಿಕ್ಕಿದ. ನನ್ನ ಕೀಲಿಯನ್ನು ನೋಡಿ, "ಅಯ್ಯೋ ನೆವಿಲ್, ಇನ್ನೂ ಆ ಕಂಪನೀಲೇ ಇದ್ದೀಯೇನೋ? ಅವರು ಕರೆಂಟ್ ಮಾರ್ತಾರೋ ಕೇಸರಿ ಮಾರ್ತಾರೋ?" ಅಂದ. ನಾನು, "ಅದು ಮನೆ ಜೊತೆ ಬಂದಿದ್ದು ಮಾರಾಯ" ಅಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಇಲಿನೂ ಮನೆ ಜೊತೇನೇ ಬಂದಿರ್ತಾವೆ. ಸಾಕ್ಕೊಂಡಿದ್ದೀಯಾ?"

ಇಷ್ಟು ವರ್ಷ ನಮ್ಮ ಬೀದಿಯವರೆಲ್ಲ ನಂಬಿಕೊಂಡು ಬಂದದ್ದು ಇದನ್ನೇ ಅಲ್ಲವೇ? ಮನೆ ನಮ್ಮ ಮಾಲೀಕ ಆರ್ಮರಾಡನದು, ಆದ್ದರಿಂದ ಬಾಗಿಲು, ಚಿಮಣಿ, ಮಳೆನೀರಿನ ಕೊಳವೆಯ ಹಾಗೆ ಕರೆಂಟಿನ ಕಂಪನಿಯೂ ಅವನು ಹೇಳಿದ್ದೇ. ನಾನು ಮರುದಿನವೇ ಅವನಿಗೆ ಫೋನು ಮಾಡಿ, ಕಂಪನಿ ಬದಲಾಯಿಸುತ್ತೇನೆ ಎಂದೆ. ಬಾಡಿಗೆ ಮನೆಯ ಹೆಂಚು ಹಾರಿದಾಗ ಮೂರು ತಿಂಗಳಾದರೂ ಮುಖ ತೋರಿಸದ ಆ ಮನುಷ್ಯ ಅದೇ ಸಂಜೆ ಬಾಗಿಲಲ್ಲಿ ನಿಂತಿದ್ದ. ನಾನು ಹೊಗೆಮೀನು ಹುರಿಯುತ್ತಿದ್ದೆ. ಮೂಗು ಮುಚ್ಚಿಕೊಂಡೇ ಮಾತಾಡಿದ.

"ನೆವಿಲ್, ಗೋಡೆ ನಂದು, ಮೀಟರ್ ಇರೋದು ಆ ಗೋಡೇಲಿ. ನನ್ನ ಮನೆಗಳಿಗೆಲ್ಲ ಒಂದೇ ಕಂಪನಿ. ಕರಾರಿನಲ್ಲೇ ಹಾಕಿದ್ದೀನಿ."

ಅವನು ಚಡ್ಡಿ ಹಾಕಿಕೊಂಡು ಅಪ್ಪನ ಜೊತೆ ಬಾಡಿಗೆ ವಸೂಲಿಗೆ ಬರುತ್ತಿದ್ದವನು. ಅವನಿಗೆ ನಾನು ಬಹುವಚನ ಎಲ್ಲಿಂದ ತರಲಿ? "ಗೋಡೆ ನಿಂದೇ ಕಣಪ್ಪ. ನಾನೇನು ಕಿತ್ಕೊಂಡು ಹೋಗ್ತೀನಾ? ಹಾಲು ಇಡೋ ಕಪಾಟೂ ನಿಂದೇ, ಹಾಗಂತ ಹಾಲು ನೀನು ಹೇಳಿದ ಹಸೂದೇ ತರಬೇಕಾ?" ಅಂದೆ.

ಅವನು ಸ್ವಲ್ಪ ತಣ್ಣಗೆ ಹೇಳಿದ. "ಈ ಮನೆಗೆ ಕಾಯ್ತಾ ಇರೋರು ತುಂಬಾ ಜನ ಇದ್ದಾರೆ, ನೋಡ್ಕೊಳ್ಳಿ."

ಡೊರೀನ್, ಸುಳ್ಳು ಹೇಳುವುದಿಲ್ಲ, ಆ ಮಾತು ಕೇಳುತ್ತ ಬಾಣಲೆಯ ಮೀನು ಕರಕಲಾದದ್ದೂ ನನಗೆ ತಿಳಿಯಲಿಲ್ಲ. ಪಕ್ಕದ ಮನೆಯ ವಿನ್ನಿ ಬೇಲಿಯ ಮೇಲಿಂದ ಎಲ್ಲ ಕೇಳಿಸಿಕೊಂಡವಳು, "ಸುಮ್ಮನಿರೋ ಮಾರಾಯ. ಬೆಚ್ಚಗಿರೋ ಆಸೆಗೆ ಇರೋ ಮನೇನೂ ಕಳ್ಕೋತೀಯ. ಡೊರೀನ್ ವಾಪಸ್ ಬಂದಾಗ ಬೀದಿಲಿ ಕೂರಿಸ್ತೀಯಾ?" ಅಂದಳು. ನಿನ್ನನ್ನು ಕರೆತರಲು ಹೊರಟು ನಿನಗೆ ಮನೆಯೇ ಇಲ್ಲದ ಹಾಗೆ ಮಾಡಿದರೆ? ಎರಡು ದಿನ ಹೀಟರಿನ ಮುಂದೆ ಕೂತು ಅದನ್ನೇ ಯೋಚಿಸಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಕೊನೆಗೆ ಗ್ರಂಥಾಲಯದ ಮಹಡಿಯಲ್ಲಿ ಬುಧವಾರ ಬುಧವಾರ ಬಾಡಿಗೆದಾರರಿಗೆ ಸಲಹೆ ಹೇಳಲು ಕೂರುತ್ತಾಳಲ್ಲ, ರುಖ್ಸಾನಾ ಎಂಬ ಹೆಣ್ಣುಮಗಳು, ಅವಳ ಹತ್ತಿರ ಹೋದೆ. ಮೆಟ್ಟಿಲು ಹತ್ತುವಷ್ಟರಲ್ಲಿ ನನಗೇ ಸಲಹೆಗಿಂತ ಕುರ್ಚಿ ಹೆಚ್ಚು ಬೇಕಾಗಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಕರೆಂಟಿನ ದುಡ್ಡು ಬಾಡಿಗೇಲೇ ಸೇರಿದೆಯಾ, ಇಲ್ಲ ನೀವೇ ಕಂಪನಿಗೆ ಕಟ್ತೀರಾ?"

"ನಾನೇ! ನನ್ನ ಈ ಎರಡು ಕಾಲೇ ಅಂಗಡಿಗೆ ಹೋಗೋದು!" ಅಂದೆ, ಎದೆ ಉಬ್ಬಿಸಿ.

"ಹಾಗಿದ್ರೆ ಯಾವ ಕಂಪನಿ ಅಂತ ಆರಿಸೋ ಹಕ್ಕು ನಿಮ್ಮದೇ, ತಾತ. ಬಾಡಿಗೇಲಿ ಸೇರಿಸಿ ಮಾಲೀಕರು ಕಟ್ತಾ ಇದ್ದಿದ್ರೆ ಅವರದು. ಅವರಿಗೆ ಒಂದು ಕಂಪನಿ ಇಷ್ಟ ಅಂತ ಕರಾರಿನಲ್ಲಿ ಬರ್ಕೊಂಡಿರಬಹುದು. ಇಷ್ಟ ಇರ್ಲಿ ಪಾಪ, ಬೇಡ ಅನ್ನೋಕೆ ನಾವ್ಯಾರು? ಅವರಿಗೆ ಒಂದು ಮಾತು ತಿಳಿಸಿ. ಮೀಟರನ್ನೇ ಬದಲಾಯಿಸಬೇಕು ಅಂದ್ರೆ ಮಾತ್ರ ಅವರ ಒಪ್ಪಿಗೆ ಕೇಳಿ."

ಮೀಟರು ಯಾರಿಗೆ ಬೇಕು? ಅದು ಹುಟ್ಟಿದ ಜಾಗದಲ್ಲೇ ಇರಲಿ. ಅವಳೇ ಆರ್ಮರಾಡನಿಗೆ ಫೋನಿನಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ವಿಷಯ ಹೇಳಿದಳು. ಗುರುವಾರ ಆಸಾಮಿ ಮತ್ತೆ ಬಂದ, ಮೂಗು ಬಿಟ್ಟುಕೊಂಡು. "ಆಯ್ತು ಮಾಡ್ಕೊಳ್ಳಿ. ಆದ್ರೆ ಮನೆ ಬಿಟ್ಟು ಹೋಗೋವಾಗ ಮೊದಲು ಹೇಗಿತ್ತೋ ಹಾಗೇ ಮಾಡಿ ಹೋಗ್ಬೇಕು." ನಾನು, "ನಾನು ಹೋಗೋದು ಪೆಟ್ಟಿಗೇಲಿ ಕಣಪ್ಪ. ಆಮೇಲೆ ನಿನಗೆ ಯಾವ ಕಂಪನಿ ಬೇಕೋ ಅದನ್ನ ಹಾಕ್ಕೋ" ಅಂದೆ. ಅವನಿಗೂ ನಗು ಬಂತು. ಒಂದು ತುಂಡು ಹೊಗೆಮೀನು ತಿಂದೇ ಹೋದ. ವಿನ್ನಿ ಬೇಲಿಯಾಚೆ ಕುಣಿಯುವುದೊಂದು ಬಾಕಿ. ಈಗ ಬೀದಿಯ ಆರು ಮನೆಯವರು ನನ್ನನ್ನು ವಕೀಲನೆಂದು ತಿಳಿದಿದ್ದಾರೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬದಲಾವಣೆಗೆ ಯಾವುದೋ ಒಂದು ಸಂಖ್ಯೆ ಬೇಕೆಂದು ಶುಕ್ರವಾರ ಹಳೆಯ ಕಂಪನಿಗೆ ಫೋನು ಮಾಡಿದೆ. ಅರ್ಧ ಗಂಟೆ ಪಿಟೀಲು ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ವಿಳಾಸ ಹೇಳಿದೆ. "ಕ್ಷಮಿಸಿ ಸರ್, ನಾವು ಖಾತೆದಾರರ ಹತ್ರ ಮಾತ್ರ ಮಾತಾಡೋದು" ಅಂದಳು. ಖಾತೆದಾರ ನಾನೇ ಅಂದೆ. "ಇಲ್ಲ ಸರ್, ಖಾತೆ ಇರೋದು ಮಿಸೆಸ್ ಡೊರೀನ್ ಅವರ ಹೆಸರಲ್ಲಿ."

ಬೀರು ಕೆದಕಿ ಬಾಡಿಗೆಯ ಕರಾರು ತೆಗೆದು ನೋಡಿದೆ. ಅದೂ ನಿನ್ನ ಹೆಸರಲ್ಲೇ! ಆಮೇಲೆ ಹೊಳೆಯಿತು. ನಾವು ಈ ಮನೆಗೆ ಬಂದಾಗ ನಾನು ಕಡಲ ಮೇಲಿದ್ದೆ. ನಮ್ಮ ಬಂದರಿನ ಬೀದಿಗಳಲ್ಲಿ ಮನೆಯ ಕಾಗದಪತ್ರವೆಲ್ಲ ಹೆಂಗಸರ ಹೆಸರಿನಲ್ಲೇ ಅಲ್ಲವೇ? ಗಂಡಸರು ದೋಣಿ ಹತ್ತಿದರೆ ಮೂರು ವಾರ ಇಲ್ಲ, ಕೆಲವರು ಆಮೇಲೆಂದೂ ಇಲ್ಲ. ಅಂದರೆ ನೋಡು, ಇಷ್ಟೆಲ್ಲ ಜಗಳ ಆಡಿದ ನಾನು ಈ ಮನೆಯ ಬಾಡಿಗೆದಾರನೂ ಅಲ್ಲ, ಕರೆಂಟಿನ ಗಿರಾಕಿಯೂ ಅಲ್ಲ. ಬರೀ ನಿನ್ನ ಗಂಡ.

ಸೋಲೊಪ್ಪಲಿಲ್ಲ. ಮತ್ತೆ ಫೋನು ಮಾಡಿ, ಗಂಟಲು ಸಣ್ಣ ಮಾಡಿಕೊಂಡು, "ಹಲೋ, ನಾನು ಡೊರೀನ್" ಅಂದೆ. ಹಣೆಬರಹ, ಎತ್ತಿದವಳು ಅದೇ ಹುಡುಗಿ! "ನೆಗಡಿ ಆಗಿದೆಯಾ ಮೇಡಮ್?" ಎಂದು ಕೇಳಿದಳು. "ಹೂಂ ಮಗಳೇ, ಎದೇಲಿ ಕಟ್ಟಿಕೊಂಡಿದೆ" ಅಂದೆ, ಅಷ್ಟಾದರೂ ನಿಜವಿರಲಿ ಎಂದು. ಆಮೇಲೆ ಹುಟ್ಟಿದ ತಾರೀಖು ಕೇಳಿದಳು, ಹೇಳಿದೆ. ಖಾತೆಯ ಗುಟ್ಟಿನ ಪದ ಕೇಳಿದಳು. ನನ್ನ ಹೆಸರಿರಬಹುದೆಂದು ಆಸೆಯಿಂದ "ನೆವಿಲ್" ಅಂದೆ. ಅಲ್ಲವಂತೆ. ಬೆಕ್ಕಿನ ಹೆಸರು ಹೇಳಿದೆ, ಅದೂ ಅಲ್ಲ. ಆ ಹುಡುಗಿ ನಗು ತಡೆದುಕೊಂಡು, "ಸರ್, ನಿಮ್ಮ ಹೆಂಡತೀನೇ ಮಾತಾಡಿಸಿ, ಪ್ಲೀಸ್" ಅಂದಳು. ಆ ಪದ ಏನೇ ಇರಲಿ, ಮಾರ್ಜರಿಯ ಹೆಸರು ಮಾತ್ರ ಆಗಿರದಿದ್ದರೆ ಸಾಕು.

ಆದ್ದರಿಂದ ಡೊರೀನ್, ನಾನು ಮಾಡಬಹುದಾದದ್ದನ್ನೆಲ್ಲ ಮಾಡಿದ್ದೇನೆ. ಎರಡು ಒಳ್ಳೆಯ ಕಂಪನಿಗಳ ಹೆಸರನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಯಾವುದು ಎಂದು ಹೇಳಬೇಕಾದವಳು ನೀನು. ನೀನು ಬಾರದೆ ಈ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಬೇಗ ಬಾ.

ವಿನ್ನಿ ನಿನ್ನನ್ನು ಕೇಳಿದ್ದಾಳೆ. ಡೆಸ್ಮಂಡ್ ಟ್ರ್ಯಾಮಿನ ಗಂಟೆ ಎರಡು ಸಲ ಹೊಡೆದು ನಮಸ್ಕಾರ ಹೇಳಿದ್ದಾನೆ. ನಿನ್ನ ಉಸಿರು ಹಗುರವಾಗಲಿ, ರಾತ್ರಿಗಳು ಸುಖವಾಗಿ ಕಳೆಯಲಿ. ಮಾರ್ಜರಿ ಮಾಡಿದ ಸೂಪನ್ನು ಎದುರು ಮಾತಾಡದೆ ಕುಡಿ.

ಬರೀ ನಿನ್ನ ಗಂಡ,
ನೆವಿಲ್

ಮರೆತಿದ್ದೆ: ನೀನು ಬಾರದೆ ಕೆಲಸ ಆಗುವುದಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಆ ಹುಡುಗಿ ಹೇಳಿದ ಪ್ರಕಾರ ನೀನು ಅಲ್ಲಿಂದಲೇ ಫೋನು ಮಾಡಿದರೆ ಐದು ನಿಮಿಷದ ಕೆಲಸ, ವಾರದೊಳಗೆ ಕಂಪನಿ ಬದಲಾಗುತ್ತದೆ. ಇದನ್ನು ಮುಚ್ಚಿಟ್ಟರೆ ಮಾರ್ಜರಿ ಪತ್ತೆ ಹಚ್ಚದೆ ಬಿಡುವುದಿಲ್ಲ, ಅದಕ್ಕೇ ಹೇಳಿಬಿಟ್ಟೆ. ನಾಳೆ ನಾಡಿದ್ದರಲ್ಲೇ ಫೋನು ಮಾಡು. ಆದರೆ ಫೋನು ಇಟ್ಟ ಮೇಲೆ, ಹೇಗೂ ಕೆಲಸ ಆಯಿತಲ್ಲ ಎಂದು ಅಲ್ಲೇ ಹೂವು ನೋಡುತ್ತ ಕೂರಬೇಡ. ಇಪ್ಪತ್ತೆರಡರ ಶನಿವಾರ ಪ್ರೆಸ್ಟನ್ ನಿಲ್ದಾಣದಲ್ಲಿ ಬೆಳಗಿನಿಂದ ನಿಂತಿರುತ್ತೇನೆ. ಯಾವ ರೈಲು ಎಂದು ಬರೆಯುವುದೂ ಬೇಡ, ದಕ್ಷಿಣದಿಂದ ಬರುವುದನ್ನೆಲ್ಲ ನೋಡುತ್ತೇನೆ.