ಮೋಟರಿಗೆ ಶಾಸ್ತ್ರವಿಲ್ಲ

ಸಂತಪುರ, ಔರಾದ ತಾಲೂಕು
೧೪ ಮಾರ್ಚ್ ೧೯೫೯

ಭಾಲ್ಕಿಯ ಮಲ್ಲಿಕಾರ್ಜುನಪ್ಪನವರಿಗೆ ಕಸ್ತೂರಿಬಾಯಿಯ ಶರಣು.

‘ಪತಿಯವರ ಪಾದಗಳಿಗೆ’ ಎಂದು ಶುರು ಮಾಡಿ ಹೊಡೆದುಹಾಕಿದೆ. ಹದಿನೆಂಟು ವರ್ಷದಲ್ಲಿ ಆ ಪಾದಗಳು ಒಮ್ಮೆಯೂ ನನ್ನ ಕಡೆ ತಿರುಗಿಲ್ಲ. ಇವತ್ತು ಬರೆಯುತ್ತಿರುವುದೂ ಪ್ರೀತಿ ಉಕ್ಕಿ ಅಲ್ಲ. ನನಗೊಂದು ಟ್ರ್ಯಾಕ್ಟರ್ ಬೇಕು, ಅದಕ್ಕೆ ನಿಮ್ಮ ಸಹಿ ಬೇಕಂತೆ.

ನಗಬೇಡಿ. ನಿಮ್ಮ ಮನೆ ಬಿಟ್ಟ ಮೇಲೆ ಬೀದರಿನ ದವಾಖಾನೆಯಲ್ಲಿ ಸೂಲಗಿತ್ತಿಯಾಗಿ ಹೆರಿಗೆ ಮಾಡಿಸಿದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಉರ್ದು ಕಲಿಸಿದೆ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕೂದಲು ನರೆತ ವಯಸ್ಸಿನಲ್ಲಿ ಕನ್ನಡ ಪರೀಕ್ಷೆಗೆ ಕೂತು, ಗ್ರಾಮಸೇವಿಕೆಯಾಗಿ ಹಳ್ಳಿಹಳ್ಳಿ ತಿರುಗಿದೆ. ಹೋದ ದೀಪಾವಳಿಗೆ ನಿವೃತ್ತಳಾಗಿ ಇಲ್ಲಿಗೆ ಬಂದೆ. ಈ ಎಂಟು ಎಕರೆ ನನ್ನ ದುಡಿಮೆಯದು.

ಹೊಲ ಉಳುತ್ತಿದ್ದ ಕಾಶೀರಾಮ ಸಂಕ್ರಾಂತಿಯಾದ ಮೇಲೆ ಹೆಂಡತಿಯ ಊರಿಗೆ ಹೋದವನು ಬರಲೇ ಇಲ್ಲ. ಬೇರೆ ಆಳು ಸಿಗದೆ ನಾನೇ ರಂಟೆ ನೇಗಿಲಿಗೆ ಕೈ ಹಾಕಿದೆ. ಅರ್ಧ ಊರು ಬದುವಿನ ಮೇಲೆ ನಿಂತಿತು. ಹಿರಿಯರಾದ ಶಿವರಾಜಪ್ಪನವರು, “ಬ್ಯಾಡ್ರಿ ಬಾಯಿ, ಹೆಣ್ಮಗಳು ರಂಟಿ ಹಿಡದ್ರ ಮಳಿ ಬರಂಗಿಲ್ಲ” ಎಂದು ಕೈ ಮುಗಿದರು. ಬಿತ್ತುವುದಕ್ಕೆ, ಕಳೆ ತೆಗೆಯುವುದಕ್ಕೆ ಹೆಂಗಸು ಬೇಕು, ಉಳುವುದಕ್ಕೆ ಮಾತ್ರ ಮೈಲಿಗೆ! ಹಾಗಾದರೆ ಟ್ರ್ಯಾಕ್ಟರ್ ಹೊಡೆಯಬಹುದೇ ಎಂದು ಕೇಳಿದೆ. ಅವರು ಮುಗಿದ ಕೈ ಇಳಿಸಿ, “ಅದಕ್ಕ ಎತ್ತಿಲ್ಲ, ನೊಗ ಇಲ್ಲ. ಮೋಟರಿಗಿ ಎಲ್ಲಿ ಶಾಸ್ತ್ರ ಅದರಿ? ಹೊಡೀರಿ” ಎಂದರು. ಗ್ರಾಮಸೇವಿಕೆಯಾಗಿದ್ದಾಗ ಇಲಾಖೆಯ ಜೀಪಿನ ಡ್ರೈವರ್ ಅಮೀರ ಪಾಶಾ ಕೆರೆ ಏರಿಯ ಮೇಲೆ ನನಗೆ ಗಾಡಿ ಕಲಿಸಿದ್ದು ಈಗ ಉಪಯೋಗಕ್ಕೆ ಬರುತ್ತದೆ.

ತಮ್ಮ ಮಾಣಿಕಪ್ಪನ ಜೊತೆ ಬೀದರಿನ ಟ್ರ್ಯಾಕ್ಟರ್ ಅಂಗಡಿಗೆ ಹೋದೆ. ದೊಡ್ಡದೊಂದು, ಚಿಕ್ಕದೊಂದು ಇದ್ದವು. ನಾನು ಕೇಳಿದ್ದಕ್ಕೆಲ್ಲ ಮಾರುವವನು ತಮ್ಮನಿಗೆ ಉತ್ತರ ಕೊಟ್ಟ. ತಮ್ಮನಿಗೆ ಜವಳಿ ವ್ಯಾಪಾರ ಬಿಟ್ಟರೆ ಏನು ಗೊತ್ತು? ಮಾರುವವನು ದೊಡ್ಡದನ್ನೇ ತೋರಿಸುತ್ತ ನಿಂತಿದ್ದ. ನಮ್ಮ ಹೊಲಕ್ಕೆ ಇರುವುದು ಎರಡು ಬದುಗಳ ನಡುವಿನ ಬಂಡಿದಾರಿ ಒಂದೇ. ಅದನ್ನು ಹಗ್ಗದಲ್ಲಿ ಅಳೆದು ಒಯ್ದಿದ್ದೆ. ನೆಲಕ್ಕೆ ಕೂತು ಚಕ್ರದಿಂದ ಚಕ್ರಕ್ಕೆ ಹಗ್ಗ ಹಿಡಿದೆ. “ಸೀರಿ ಅಳತಿ ತಗೋತಾರೇನ್ರಿ ಬಾಯಿಯವರು?” ಎಂದು ಅವನು ನಕ್ಕ. ದೊಡ್ಡದು ಒಂದು ಗೇಣು ಹೆಚ್ಚಾಯಿತು, ಚಿಕ್ಕದು ಸರಿಯಾಗಿ ಕೂತಿತು. ನಗು ನಿಂತಿತು.

ಆದರೆ ಟ್ರ್ಯಾಕ್ಟರ್ ಕೊಳ್ಳಲು ಪರವಾನಗಿ ಕೊಡುವ ಕಚೇರಿಯ ಗುಮಾಸ್ತ, ಹೊಲ ನನ್ನ ಹೆಸರಿನಲ್ಲಿದ್ದರೂ ಗಂಡನ ಒಪ್ಪಿಗೆ ಬೇಕೇ ಬೇಕು ಎನ್ನುತ್ತಾನೆ. ತಮ್ಮನ ಸಹಿ ನಡೆಯುವುದಿಲ್ಲವಂತೆ. ಇಪ್ಪತ್ತೆಂಟನೇ ತಾರೀಖು ದಾಟಿದರೆ ಟ್ರ್ಯಾಕ್ಟರ್ ಬೇರೆಯವರ ಪಾಲು, ನನ್ನ ಹೊಲ ಈ ವರ್ಷ ಬೀಳು.

ಯಾವ ಗಂಡನ ಒಪ್ಪಿಗೆ? ಭಾಲ್ಕಿಯಲ್ಲಿ ಯಾರದೋ ಹೆರಿಗೆ ಮಾಡಿಸಿ ಬಂದವಳು ಅಡಿಗೆಮನೆಗೆ ಕಾಲಿಡಬಾರದು ಎಂದು ನಿಮ್ಮ ತಾಯಿ ಬಾಗಿಲಲ್ಲಿ ನಿಂತಾಗ, ದಿನಾ ವಚನ ಹೇಳುವ ಮನೆಯಲ್ಲಿ ಸೂತಕ ಎಲ್ಲಿಂದ ಬಂತು ಎಂದು ನೀವು ಕೇಳಬೇಕಿತ್ತು. ನೀವು ಕಿರಾಣಿ ಅಂಗಡಿಗೆ ಹೋದಿರಿ. ನಾನು ಟ್ರಂಕು ಹಿಡಿದು ಹೊರಟೆ. ಅಂದು ನಿಮ್ಮ ಬಾಯಿಂದ ಒಂದು ಮಾತು ಬಿದ್ದಿದ್ದರೆ ಉಳಿಯುತ್ತಿದ್ದೆ.

ಅರ್ಜಿ ಇದರೊಂದಿಗಿದೆ. ಗುರುತು ಹಾಕಿದಲ್ಲಿ ಸಹಿ ಮಾಡಿ ಟಪಾಲಿಗೆ ಹಾಕಿ.

ಇಂತಿ,
ಕಸ್ತೂರಿಬಾಯಿ

ತಾ.ಕ.: ಒಂದು ವಿಷಯ ಮುಚ್ಚಿಟ್ಟಿದ್ದೆ. ಗಂಡನ ಹೆಸರಿನ ಮುಂದೆ ‘ದಿವಂಗತ’ ಎಂದು ಬರೆದರೆ ಯಾರ ಸಹಿಯೂ ಬೇಡ ಎಂದು ಗುಮಾಸ್ತ ಮೆಲ್ಲಗೆ ಹೇಳಿದ. ಹಾಗೆಯೂ ಒಂದು ಅರ್ಜಿ ತುಂಬಿಟ್ಟಿದ್ದೇನೆ. ಆ ಪದ ಬರೆಯುವಾಗ ಅಳು ಬಂತು, ನನ್ನ ಮೇಲೆ ನನಗೇ ಸಿಟ್ಟೂ ಬಂತು. ಇಪ್ಪತ್ತೇಳರ ಟಪಾಲಿನಲ್ಲೂ ನಿಮ್ಮ ಸಹಿ ಬರದಿದ್ದರೆ ಅದನ್ನೇ ಕೊಡುತ್ತೇನೆ. ಬದುಕಿದ್ದೀರೋ ಇಲ್ಲವೋ, ಈ ಸಲ ನೀವೇ ಹೇಳಿ.